ಎಂಟು ಹಸಿರು, ಒಂದು ಕೆಂಪು

ನನ್ನ ಮೊಮ್ಮಗಳು ನರ್ಸ್ ಆಗಿ ಕೆಲಸಕ್ಕೆ ಸೇರಿದಳು. ಮೊದಲು ಇದನ್ನು ಬರೆದುಬಿಡುತ್ತೇನೆ. ಇಲ್ಲದಿದ್ದರೆ ಮಿಕ್ಕಿದ್ದನ್ನು ಬರೆಯಲು ಮನಸ್ಸು ನಿಲ್ಲುವುದಿಲ್ಲ. ಸಿರಾದ ಹೆದ್ದಾರಿ ಪಕ್ಕ ಹೊಸದಾಗಿ ಎದ್ದ ಆಸ್ಪತ್ರೆ. ಗಾಯವಾದವರನ್ನು ಮೊದಲು ತಂದು ಮಲಗಿಸುವ ಜಾಗದಲ್ಲಿ ಅವಳ ಡ್ಯೂಟಿ. ನೀಲಿ ಬಟ್ಟೆ, ಕೊರಳಲ್ಲಿ ಫೋಟೋ ಇರುವ ಕಾರ್ಡು. ಮಧುಗಿರಿ ಬಸ್ ನಿಲ್ದಾಣದಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿದ್ದೇನೆ. ಕೇಳದವರಿಗೂ ಹೇಳಿದ್ದೇನೆ. ಒಬ್ಬಾಕೆ ಎದ್ದು ಬೇರೆ ಕಲ್ಲುಬೆಂಚಿಗೆ ಹೋದಳು. ಅಲ್ಲಿಗೂ ಹೋಗಿ ಹೇಳಿದೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆದದ್ದನ್ನು ಮೊಮ್ಮಗಳೇ ತಿದ್ದುತ್ತಾಳೆ. ಹೊಡೆದಾಟದ ಭಾಗ ಬಂದಾಗ "ಇಷ್ಟೊಂದು ರಕ್ತ ಬೇಕಾ ಅಜ್ಜಿ?" ಎಂದಳು. ಬೇಕು ಎಂದೆ. ರಕ್ತ ಬಿಟ್ಟು ಹೇಳಿದರೆ ನನಗೆ ಎಷ್ಟು ಸಂತೋಷವಾಗಿದೆ ಎಂದು ಯಾರಿಗೂ ತಿಳಿಯುವುದಿಲ್ಲ.

ಒಂದು ಬುಧವಾರ ಬೆಳಗ್ಗೆ ಅವಳ ಫೋನಿಗೆ ಆಸ್ಪತ್ರೆಯಿಂದ ಮೆಸೇಜು ಬಂತು. ಸಂದರ್ಶನ ಮುಗಿದು ಆಯ್ಕೆಯಾಗಿತ್ತು. ಸೋಮವಾರ ಬಂದು ಸೇರಬೇಕು, ಅದಕ್ಕೆ ಮುಂಚೆ ಕಾಗದಪತ್ರವನ್ನೆಲ್ಲ ಫೋನಿನಲ್ಲೇ ತೋರಿಸಬೇಕು. ನಾನು ಒಲೆ ಮುಂದೆ ಮುದ್ದೆಗೆ ಎಸರಿಟ್ಟಿದ್ದೆ. ಅವಳು ಹೊಸ್ತಿಲ ಮೇಲೆ ಕೂತು ಒಂದೊಂದೇ ಕಾಗದದ ಫೋಟೋ ತೆಗೆಯುತ್ತಿದ್ದಳು. ಅಂಕಪಟ್ಟಿ ತೋರಿಸಿದಳು, ಹಸಿರು ಗುರುತು ಬಿತ್ತು. ನರ್ಸಿಂಗ್ ಕೌನ್ಸಿಲ್ಲಿನ ನಂಬರು ಹಾಕಿದಳು. ಕೌನ್ಸಿಲ್ಲಿನ ಕಂಪ್ಯೂಟರನ್ನು ಆಸ್ಪತ್ರೆಯ ಕಂಪ್ಯೂಟರೇ ಕೇಳಿಕೊಂಡು ಬಂದು ಹಸಿರು ಕೊಟ್ಟಿತು. ಕಾಮಾಲೆಯ ಸೂಜಿ ಮೂರು ಸಲವೂ ಹಾಕಿಸಿಕೊಂಡ ಚೀಟಿಗೂ ಹಸಿರು. ಆಮೇಲೆ ಮುಖ ಎಡಕ್ಕೆ ತಿರುಗಿಸು, ಬಲಕ್ಕೆ ತಿರುಗಿಸು, ಕಣ್ಣು ಮಿಟುಕಿಸು ಎಂದು ಫೋನು ಹೇಳತೊಡಗಿತು. ಇವಳು ಹೇಳಿದಂತೆಲ್ಲ ಮಾಡಿದಳು.

"ಯಾರದು, ನಮ್ ಉಡುಗೀನ ಇಂಗೆ ಕುಣಿಸ್ತಿರೋದು?" ಎಂದೆ.

"ಯಾರೂ ಇಲ್ಲ ಕಣಜ್ಜಿ. ಮಿಷಿನ್ನು. ನನ್ ಮುಖ ನೆನಪಿಟ್ಕೊಂಡ್ರೆ ಸೋಮವಾರ ವಾರ್ಡಿನ ಬಾಗಿಲು ತಾನೇ ತೆಗೀತದೆ."

ಎಸರು ಕುದಿಯುವಷ್ಟರಲ್ಲಿ ಎಂಟು ಹಸಿರು. ಮುದ್ದೆ ತಿರುವುವಷ್ಟರಲ್ಲಿ ಒಂಬತ್ತನೆಯದು ಕೆಂಪು.

ಅವಳು ಅದನ್ನು ಎರಡು ಸಲ ಓದಿದಳು, ಮೂರನೆಯ ಸಲ ನನಗೆ ಕೇಳುವಂತೆ ಓದಿದಳು. ಪೊಲೀಸ್ ದಾಖಲೆಯಲ್ಲಿ ಪ್ರಕರಣ ಕಂಡುಬಂದಿದೆ, ಮೂರನೇ ಆರೋಪಿ, ಮಾರಕ ಆಯುಧ ಹಿಡಿದು ಹಲ್ಲೆ. ಶನಿವಾರ ಸಂಜೆ ಐದರೊಳಗೆ ದಾಖಲೆ ಸಮೇತ ವಿವರಣೆ ಕೊಡದಿದ್ದರೆ ಕೆಲಸ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ.

"ಆ ಕೇಸು ರಾಜಿ ಆಗೈತೆ ಅಂದಿದ್ಯಲ್ಲ ಅಜ್ಜಿ," ಎಂದಳು.

ಹೌದು, ಅಂದಿದ್ದೆ. ಓದುವ ಹುಡುಗಿಗೆ ಯಾಕೆ ಚಿಂತೆ ಎಂದು ಸುಳ್ಳು ಹೇಳಿದ್ದೆ. ಅವಳು ಬೈಯಲಿಲ್ಲ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ, ತಟ್ಟೆಯಲ್ಲೇ ಬಿಟ್ಟು ಎದ್ದಳು.

ಅದು ಮೂರು ವರ್ಷದ ಹಿಂದಿನ ಜಗಳ. ನಮ್ಮ ಹೊಲಕ್ಕೂ ನನ್ನ ವಾರಗಿತ್ತಿಯ ಹೊಲಕ್ಕೂ ನಡುವೆ ಒಂದು ಬದು, ಬದುವಿನ ಮೇಲೆ ಒಂದು ಹುಣಸೆ ಮರ. ವಾರಗಿತ್ತಿ ನನ್ನ ಗಂಡನ ತಮ್ಮನ ಹೆಂಡತಿ. ಹನ್ನೆರಡು ವರ್ಷ ಒಂದೇ ಒಲೆಯಲ್ಲಿ ಬೇಯಿಸಿದವರು ನಾವು. ಆಮೇಲೆ ಮನೆಗೆ ನಡುಗೋಡೆ ಎಬ್ಬಿಸಿ ಎರಡು ಮಾಡಿಕೊಂಡೆವು. ಗಂಡಂದಿರಿಬ್ಬರೂ ತೀರಿಹೋದರು. ಮರವನ್ನು ಮಾತ್ರ ಹಿರಿಯರು ಭಾಗ ಮಾಡಿರಲಿಲ್ಲ. ಒಂದು ವರ್ಷದ ಹಣ್ಣು ನಮಗೆ, ಮರುವರ್ಷದ ಹಣ್ಣು ಅವರಿಗೆ. ಎಷ್ಟೋ ವರ್ಷ ಹಾಗೇ ನಡೆಯಿತು. ಒಂದು ವರ್ಷ, ಅದು ನಮ್ಮ ಸರದಿ, ಮರ ಹಣ್ಣೇ ಬಿಡಲಿಲ್ಲ. ಮರುವರ್ಷ ಕೊಂಬೆ ಬಗ್ಗುವಷ್ಟು ಬಿಟ್ಟಿತು. ಖಾಲಿ ಹೋದ ವರ್ಷ ಸರದಿಯಲ್ಲಿ ಸೇರುತ್ತದೋ ಇಲ್ಲವೋ? ಸೇರುವುದಿಲ್ಲ ಎಂದೆ ನಾನು. ಸೇರುತ್ತದೆ ಎಂದಳು ಅವಳು. ಹಿರಿಯರು ಇದಕ್ಕೆ ಏನೂ ಹೇಳಿ ಹೋಗಿರಲಿಲ್ಲ.

ನನ್ನ ಮಗ ಮರ ಹತ್ತಿ ಕೊಂಬೆ ಅಲುಗಿಸುತ್ತಿದ್ದ. ಕೆಳಗೆ ನಾನು ಉದ್ದನೆಯ ಬಿದಿರು ಗಳದಿಂದ ಬಡಿಯುತ್ತಿದ್ದೆ. ವಾರಗಿತ್ತಿ ಮತ್ತು ಅವಳ ಮಗ ಬಂದರು. ಮೊದಲು ಬಾಯಿ. ಸತ್ತ ಅತ್ತೆ ಮಾವ ಎಲ್ಲ ಬಂದುಹೋದರು. ನನ್ನ ಮಗ ಕೆಳಗಿಳಿದು ಕಾಲು ನೆಲಕ್ಕೆ ತಾಗಿಸಿದ್ದನೋ ಇಲ್ಲವೋ, ಅವಳ ಮಗ ಮಚ್ಚಿನ ಹಿಂಭಾಗದಿಂದ ತಲೆಗೆ ಕೊಟ್ಟ. ತೆಂಗಿನಕಾಯಿ ಒಡೆದಂತೆ ಶಬ್ದ ಬಂತು. ಮಗನ ಹಣೆಯಿಂದ ರಕ್ತ ಇಳಿದು ಕಣ್ಣು ಮುಚ್ಚಿತು, ಬಿಳಿ ಬನಿಯನ್ ಹೊಟ್ಟೆಯವರೆಗೆ ಕೆಂಪಾಯಿತು. ನಾನು ಗಳ ಎತ್ತಿದೆ. ಅವಳ ಮಗನಿಗೆ ಬೀಸಿದ್ದು, ಅಡ್ಡ ಬಂದವಳು ಅವಳು. ಬಲಗೈಯ ಮಣಿಕಟ್ಟು ಲಟಕ್ಕೆಂದು ಮುರಿಯಿತು. ಅಷ್ಟಕ್ಕೆ ನಿಲ್ಲಿಸಿದೆನೇ? ಇಲ್ಲ. ಬಿದ್ದವಳ ಬೆನ್ನಿಗೆ ಇನ್ನೆರಡು ಕೊಟ್ಟೆ. ಉದುರಿದ ಹುಣಸೆಹಣ್ಣಿನ ಮೇಲೆ ಅವಳು ಹೊರಳಾಡಿದಳು. ಆ ವರ್ಷದ ಹಣ್ಣನ್ನು ಯಾರೂ ಆರಿಸಲಿಲ್ಲ.

ಮಧುಗಿರಿಯ ಆಸ್ಪತ್ರೆಗೆ ಎರಡು ಮನೆಯವರೂ ಬೇರೆ ಬೇರೆ ಆಟೋದಲ್ಲಿ ಹೋಗಿ ಒಂದೇ ಬಾಗಿಲಲ್ಲಿ ಇಳಿದೆವು. ಬಾಗಿಲು ಒಂದೇ ಇತ್ತು, ಏನು ಮಾಡುವುದು. ಒಳಗೆ ಅಕ್ಕಪಕ್ಕದ ಮಂಚ. ನನ್ನ ಮಗನ ತಲೆ ತೊಳೆಯುತ್ತಿರುವಾಗ ಆ ಕಡೆಯಿಂದ ಅವಳ ಮಗ "ಸಾಯಿಲಾ" ಎಂದ. ನಾನು ಗ್ಲೂಕೋಸ್ ಬಾಟಲಿ ನೇತುಹಾಕುವ ಕಬ್ಬಿಣದ ಸ್ಟ್ಯಾಂಡನ್ನು ಎರಡು ಕೈಯಲ್ಲೂ ಎತ್ತಿ ಬೀಸಿದೆ. ನಡುವೆ ನರ್ಸ್ ಹುಡುಗಿ ನಿಂತಿದ್ದಳು. ಅವಳ ಹುಬ್ಬಿಗೆ ಬಿತ್ತು. ಚರ್ಮ ಸೀಳಿ ರಕ್ತ ಕೆನ್ನೆಗೆ ಇಳಿಯಿತು. ಆ ಹುಡುಗಿ ಒಂದು ಕೈಯಲ್ಲಿ ಹತ್ತಿ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ನನ್ನ ಮಗನ ಹೊಲಿಗೆಗೆ ಬೇಕಾದ ಸಾಮಾನನ್ನು ಡಾಕ್ಟರಿಗೆ ಜೋಡಿಸಿಕೊಟ್ಟಳು. "ಅಜ್ಜಿ, ಸ್ವಲ್ಪ ಪಕ್ಕಕ್ಕೆ ಬನ್ನಿ, ಬೆಳಕಿಗೆ ಅಡ್ಡ ಆಗ್ತೀರ" ಎಂದಳು. ಅಷ್ಟೇ. ನನ್ನ ಮೇಲೆ ದೂರು ಕೊಡಲಿಲ್ಲ. ಅದೇ ಹೊತ್ತಿಗೆ ನನ್ನ ಮೊಮ್ಮಗಳು ತುಮಕೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ನನಗೆ ಅದು ನೆನಪಿಗೂ ಬರಲಿಲ್ಲ.

ಆಮೇಲೆ ಠಾಣೆ. ನಮ್ಮ ಕಡೆ ಹೊಡೆದಾಟ ಆದರೆ ಕೇಸು ಒಂದೇ ಆಗುವುದಿಲ್ಲ. ನಮ್ಮದೊಂದು, ಅದಕ್ಕೆ ಎದುರು ಅವರದೊಂದು. ಠಾಣೆ ಎದುರಿನ ಟೀ ಅಂಗಡಿಯಲ್ಲಿ ದೂರು ಬರೆದುಕೊಡುವವನೊಬ್ಬ ಕೂರುತ್ತಿದ್ದ. ನಡೆದದ್ದನ್ನು ಹೇಳಿದೆ. ಅವನು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದ.

"ಬರೀ ಹೊಡ್ದೋನ ಹೆಸ್ರು ಬರೆದ್ರೆ ಏನ್ ಬಂತು ಅಜ್ಜಿ? ಅವರ ಮನ್ಯಾಗೆ ಓದೋ ಮಕ್ಳು ಅವ್ರಾ?"

"ಮೊಮ್ಮಗ ಅವ್ನೆ. ಪಾವಗಡದಾಗೆ ಐಟಿಐ ಓದ್ತಾವ್ನೆ, ಆಸ್ಟೆಲ್ನಾಗೆ."

"ಅವನ್ನೂ ಸೇರ್ಸು. ಕೆಲ್ಸಕ್ಕೆ ವೋಗೋ ಉಡುಗನ ಹೆಸ್ರು ಬಿದ್ರೆ ಮನೆಯೋರು ತಾನಾಗೇ ಬಗ್ತಾರೆ."

"ಮಚ್ಚು ಇಡ್ಕೊಂಡು ಬಂದಿದ್ದ ಅಂತ ಬರಿ," ಎಂದೆ ನಾನು. ಅವನು ಹೇಳಿಕೊಟ್ಟಿದ್ದಲ್ಲ, ನನ್ನ ಬಾಯಿಂದಲೇ ಬಂದ ಮಾತು. ಅರ್ಧ ಗಂಟೆ ಕಳೆದು ಅದೇ ಬೆಂಚಿನ ಮೇಲೆ ನನ್ನ ವಾರಗಿತ್ತಿ, ಕೈಗೆ ಹಸಿ ಬ್ಯಾಂಡೇಜು ಕಟ್ಟಿಕೊಂಡು ಬಂದು ಕೂತಳು. ಅವನು ಅವಳಿಗೂ ಅದನ್ನೇ ಕೇಳಿದ. ನನ್ನ ಮೊಮ್ಮಗಳ ಕೈಗೆ ಅವಳು ದೂರಿನಲ್ಲಿ ಕುಡುಗೋಲು ಕೊಟ್ಟಳು.

ಕೆಂಪು ಬಿದ್ದ ದಿನವೇ ಮಧ್ಯಾಹ್ನ ಮೊಮ್ಮಗಳ ಜೊತೆ ಸಿರಾಕ್ಕೆ ಹೋದೆ. ಜನರನ್ನು ಕೆಲಸಕ್ಕೆ ಸೇರಿಸಿಕೊಳ್ಳುವ ಕೋಣೆಯಲ್ಲಿ ಒಬ್ಬಳೇ ಹೆಣ್ಣುಮಗಳು, ಎದುರಿಗೆ ಒಂದು ಕಂಪ್ಯೂಟರು. ಕಾಗದದ ಕಟ್ಟು ಒಂದೂ ಇಲ್ಲ.

"ಯಾರ ಕಾಲು ಇಡೀಬೇಕು ಯೋಳವ್ವ, ಇಡೀತೀನಿ," ಎಂದೆ.

"ಇದಕ್ಕೆ ಕಾಲಿಲ್ಲ ಅಜ್ಜಿ," ಎಂದು ನಕ್ಕಳು. ಒಳ್ಳೆಯ ನಗು, ಚುಚ್ಚುವ ನಗುವಲ್ಲ. "ಮುಂಚೆ ಆಗಿದ್ರೆ ಒಬ್ಬರು ಸೇರೋಕೆ ತಿಂಗಳುಗಟ್ಟಲೆ ಆಗ್ತಿತ್ತು. ಠಾಣೆಗೆ ಹೋದ ಕಾಗದ ಅಲ್ಲೇ ಮಲಗಿರ್ತಿತ್ತು. ವಾರ್ಡಿನಲ್ಲಿ ಜನ ಇಲ್ಲ, ಇರೋ ನರ್ಸ್‌ಗಳು ಎರಡೆರಡು ಪಾಳಿ ಮಾಡ್ತಿದ್ರು. ಈಗ ನಾಲ್ಕು ದಿನದಲ್ಲಿ ಸೇರಿಸ್ಕೋತೀವಿ. ಆದ್ರೆ ಕೆಂಪು ಬಂದ್ರೆ ನಾನೂ ತೆಗೆಯೋಕಾಗಲ್ಲ, ನಮ್ಮ ದೊಡ್ಡವರೂ ತೆಗೆಯೋಕಾಗಲ್ಲ. ಕಾಗದ ಬೇಕು."

ಎರಡು ಕಾಗದ ಹೇಳಿದಳು. ಆ ದಿನ ಆ ಹೊತ್ತಿನಲ್ಲಿ ಹುಡುಗಿ ಬೇರೆ ಎಲ್ಲೋ ಇದ್ದಳು ಎಂಬುದಕ್ಕೆ ಒಂದು. ದೂರು ಕೊಟ್ಟವರೇ ಠಾಣೆಗೆ ಬಂದು, ಈ ಹುಡುಗಿ ಅಲ್ಲಿರಲಿಲ್ಲ ಎಂದು ಹೇಳಿಕೆ ಕೊಟ್ಟು, ಅದಕ್ಕೆ ಠಾಣೆಯವರು ಬರೆದು ಸೀಲು ಹಾಕಿ ಕೊಡುವ ಹಿಂಬರಹ ಇನ್ನೊಂದು. ಎರಡೂ ಬಂದರೆ ಅವಳೂ ಅವಳ ಮೇಲಿನವರೂ ಕಣ್ಣಾರೆ ನೋಡಿ ಹಸಿರು ಕೊಡುತ್ತಾರೆ.

ಮೊದಲನೆಯದು ಸಿಕ್ಕ ರೀತಿ ಕೇಳಿ. ತುಮಕೂರಿನ ಕಾಲೇಜಿನಲ್ಲಿ ಬೆಳಗ್ಗೆ ಹೆಬ್ಬೆಟ್ಟು ಒತ್ತಿ ಒಳಗೆ ಹೋಗಬೇಕಿತ್ತಂತೆ, ಸಂಜೆ ಒತ್ತಿ ಹೊರಗೆ ಬರಬೇಕಿತ್ತಂತೆ. ಮೊಮ್ಮಗಳು ಫೋನ್ ಮಾಡಿದಳು. ನಾವು ಅಲ್ಲೇ ಆಸ್ಪತ್ರೆಯ ನಲ್ಲಿಯಲ್ಲಿ ನೀರು ಕುಡಿಯುತ್ತಿರುವಾಗಲೇ ಕಾಗದ ಫೋನಿಗೆ ಬಂದುಬಿಟ್ಟಿತು. ಹುಣಸೆ ಮರದ ಕೆಳಗೆ ಮಚ್ಚು ಎದ್ದಾಗ ನನ್ನ ಕೂಸು ತುಮಕೂರಿನಲ್ಲಿ ಪಾಠ ಕೇಳುತ್ತಿದ್ದಳು. ನಾನು ಫೋನಿಗೆ ಕೈ ಮುಗಿದೆ.

ಎರಡನೆಯ ಕಾಗದ ನಡುಗೋಡೆಯ ಆ ಕಡೆ ಇತ್ತು.

ಗುರುವಾರ ಬೆಳಗ್ಗೆ ಹೋದೆ. ಮೂರು ವರ್ಷದಿಂದ ಆ ಬಾಗಿಲ ಕಡೆ ಮುಖ ಹಾಕಿರಲಿಲ್ಲ. ಅಂಗಳದ ಬೇಲಿಯ ತಡಿಕೆ ಬಾಗಿಲು ತಟ್ಟಿದೆ.

"ಯಾರದು?"

"ನಾನು ಕಣೆ. ನಿಮ್ಮಕ್ಕ."

"ನಮ್ಮಕ್ಕ ಸತ್ತು ಮೂರು ವರ್ಷ ಆಯ್ತು ಬುಡು. ಹುಣಸೆ ಮರದ ಕೆಳಗೆ ಸತ್ಲು."

"ಸತ್ತೋಳೇ ಬಂದಿವ್ನಿ, ತೆಗಿ."

ತೆಗೆದಳು. ಅಂಗಳದಲ್ಲಿ ಬಿಟ್ಟುಬಂದ ಮೊರ ಎತ್ತಿಕೊಂಡು ಮತ್ತೆ ರಾಗಿ ಕೇರತೊಡಗಿದಳು. ಬಲಗೈ ಮಣಿಕಟ್ಟಿನಲ್ಲಿ ಸೊಟ್ಟಗೆ ಕೂಡಿಕೊಂಡಿತ್ತು. ಮೊರವನ್ನು ಎಡಗೈ ಮತ್ತು ಸೊಂಟದ ನಡುವೆ ಆನಿಸಿಕೊಂಡು ಕೇರುತ್ತಿದ್ದಳು. ಬರುವಾಗ ಏನೇನೋ ಮಾತು ಜೋಡಿಸಿಕೊಂಡಿದ್ದೆ. ಆ ಕೈ ನೋಡಿ ಎಲ್ಲ ಹಾರಿಹೋಯಿತು.

"ಮೊಮ್ಮಗಳಿಗೆ ಕೆಂಪು ಬಂದೈತಂತೆ," ಎಂದಳು. ನಡುಗೋಡೆ ತೆಳು, ಒಂದು ಕಡೆ ಕೆಮ್ಮಿದರೆ ಇನ್ನೊಂದು ಕಡೆ ಕೇಳುತ್ತದೆ.

"ಊಂ ಕಣೆ. ನೀನು ಠಾಣೆಗೆ ಬಂದು ಒಂದ್ ಮಾತು ಯೋಳಿದ್ರೆ..."

"ನಿನ್ ಮೊಮ್ಮಗಳಿಗೆ ಕೆಂಪು ಬಂದಿದ್ದು ನೆನ್ನೆ. ನನ್ ಮೊಮ್ಮಗನಿಗೆ ಬಂದು ಎಲ್ಡು ವರ್ಷ ಆಯ್ತು. ನಿಂಗೆ ಗೊತ್ತಾ?"

ನನಗೆ ಗೊತ್ತಿರಲಿಲ್ಲ. ಆ ಕಡೆಯ ಮಾತಿಗೆ ಮೂರು ವರ್ಷ ಕಿವಿ ಮುಚ್ಚಿಕೊಂಡಿದ್ದೆ.

"ತಿರುಮಣಿ ಸೋಲಾರ್ ಕರೆಂಟ್ ಪಾರ್ಕ್ನಾಗೆ ಕೆಲ್ಸ ಆಗಿತ್ತು. ವೊಸಾ ಷರ್ಟು ವೊಲಿಸ್ಕೊಂಡಿದ್ದ. ಪೊಲೀಸ್ ಕಾಗ್ದ ತತ್ತಾ ಅಂದ್ರು, ತರಕ್ಕಾಗ್ಲಿಲ್ಲ. ಆವತ್ತಿಂದ ಸಿರಾದಾಗೆ ಲಾರಿಗೆ ಮೂಟೆ ತುಂಬ್ತಾವ್ನೆ. ಮಚ್ಚು ಇಡ್ದಿದ್ದ ಅಂತ ಬರ್ಸಿದ್ಯಲ್ಲ ಅಕ್ಕಾ, ಆ ಉಡುಗ ಇವತ್ತಿಗೂ ಕೋಳಿ ಕುಯ್ಯೋದು ನೋಡಕ್ಕೆ ಎದುರ್ತಾನೆ!"

ಅಕ್ಕಾ ಎಂಬ ಮಾತಿನ ಜೊತೆಗೇ ಎಡಗೈ ಬೀಸಿ ನನ್ನ ಕೆನ್ನೆಗೆ ಹೊಡೆದಳು. ಕಿವಿಯಲ್ಲಿ ಜೀರುಂಡೆ ಕೂಗಿತು. ಹೊಡೆಯಲಿ ಎಂದುಕೊಂಡೇ ಬಂದಿದ್ದೆ, ದೇವರಾಣೆಗೂ. ಎರಡನೆಯ ಏಟು ಬೀಳುವ ಹೊತ್ತಿಗೆ ನನ್ನ ಕೈ ಅವಳ ತುರುಬಿನಲ್ಲಿತ್ತು. ಅಲ್ಲಿಂದ ಮುಂದೆ ಇಬ್ಬರಲ್ಲಿ ಯಾರು ಏನು ಮಾಡಿದೆವು ಎಂದು ಒಂದೊಂದಾಗಿ ಹೇಳಲಾರೆ. ಮೊರ ಹಾರಿತು, ರಾಗಿ ಅಂಗಳದ ತುಂಬ ಚೆಲ್ಲಿತು. ಅವಳು ಮೊಣಕಾಲಿನಿಂದ ನನ್ನ ಪಕ್ಕೆಗೆ ಗುದ್ದಿದಳು. ನಾನು ಅವಳ ಭುಜಕ್ಕೆ ಬಾಯಿ ಹಾಕಿದೆ. ಇರುವ ಹಲ್ಲು ಐದಾರು, ಅಷ್ಟೂ ಊರಿದವು. ರಾಗಿಯ ಮೇಲೆ ಇಬ್ಬರೂ ಉರುಳಿದೆವು. ಕೋಳಿಗಳು ಬಂದು ನಮ್ಮ ಸುತ್ತ ರಾಗಿ ತಿನ್ನತೊಡಗಿದವು. ಕೊನೆಗೆ ಯಾರೂ ಬಿಡಿಸಲಿಲ್ಲ, ಉಸಿರು ಸಾಲದೆ ನಾವೇ ಬಿಟ್ಟೆವು. ನನ್ನ ತುಟಿ ಒಡೆದಿತ್ತು. ಅವಳ ಮೊಣಕೈ ತರಚಿ ರಕ್ತ ಜಿನುಗುತ್ತಿತ್ತು.

"ಥೂ, ನಿನ್ ಅಲ್ಲು ಇನ್ನೂ ಉದುರಿಲ್ವೇನೆ," ಎಂದಳು.

"ನಿನ್ನ ಕಚ್ಚಕ್ಕೆ ಅಂತಲೇ ಉಳಿಸ್ಕೊಂಡಿವ್ನಿ."

ಮೊಮ್ಮಗಳು ಗೋಡೆಯಾಚೆಯಿಂದ ಸದ್ದು ಕೇಳಿ ಹತ್ತಿ, ಸ್ಪಿರಿಟ್ಟು ಹಿಡಿದುಕೊಂಡು ಬಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ವಾರಗಿತ್ತಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಮೊಣಕೈ ಒರೆಸಿದಳು. ಆಮೇಲೆ ಸೊಟ್ಟ ಕೈಯನ್ನು ಎತ್ತಿಕೊಂಡು, ಮಣಿಕಟ್ಟಿನ ಸುತ್ತ ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದಳು.

"ಚಿಕ್ಕಜ್ಜಿ, ಇಲ್ಲಿ ನೋಯ್ತದಾ? ಬೆರಳು ಮಡಚು. ಊಂ. ಯಾವತ್ತಿಂದ ಇಂಗೈತೆ?"

"ನಿಮ್ಮಜ್ಜೀನ ಕೇಳು."

ಮೊಮ್ಮಗಳು ಆಗ ನನ್ನನ್ನು ನೋಡಿದಳು. ಮೂರು ವರ್ಷದಲ್ಲಿ ಈ ಕೈಯ ವಿಷಯ ನಾನು ಅವಳಿಗೆ ಹೇಳಿರಲಿಲ್ಲ. ತಲೆ ಒಡೆಸಿಕೊಂಡ ನನ್ನ ಮಗನ ಕಥೆ ಮಾತ್ರ ಹೇಳಿದ್ದೆ. ಅವಳು ಕೆಲಸದ ಮಾತನ್ನೇ ಎತ್ತಲಿಲ್ಲ, ಕಾಗದವನ್ನೂ ಕೇಳಲಿಲ್ಲ. "ದಿನಾ ಬಿಸಿನೀರಿನಾಗೆ ಕೈ ಇಟ್ಟು ಬೆರಳು ಆಡ್ಸು ಚಿಕ್ಕಜ್ಜಿ. ಮೂಳೆ ಡಾಕ್ಟ್ರಿಗೂ ತೋರ್ಸಣ" ಎಂದು ಹೇಳಿ ಎದ್ದುಹೋದಳು. ನನ್ನ ತುಟಿಗೆ ಹತ್ತಿ ನಾನೇ ಇಟ್ಟುಕೊಂಡೆ.

ವಾರಗಿತ್ತಿ ತುಂಬ ಹೊತ್ತು ಚೆಲ್ಲಿದ ರಾಗಿ ಒಟ್ಟು ಮಾಡುತ್ತಿದ್ದಳು. ನಾನೂ ಮಾಡಿದೆ.

"ನಾಳೆ ಏಳೂವರೆ ಬಸ್ಸು," ಎಂದಳು. "ಎಲ್ಡು ಹೆಸ್ರೂ ಒಂದೇ ದಿನ ತೆಗೀಬೇಕು. ಈ ಸಲ ನಿಂದು, ಮುಂದಿನ ಸಲ ನಂದು ಅಂತ ಆ ಮರದ ತರ ಆಡಂಗಿಲ್ಲ."

ಶುಕ್ರವಾರ ಮಧುಗಿರಿಗೆ ಒಂದೇ ಬಸ್ಸಿನಲ್ಲಿ ಹೋದೆವು, ಒಂದೇ ಸೀಟಿನಲ್ಲಿ ಅಲ್ಲ. ಮೊಮ್ಮಗಳು ನಡುವಿನ ಸೀಟಿನಲ್ಲಿ. ಠಾಣೆಯಲ್ಲಿ ಬರವಣಿಗೆ ಕೆಲಸ ನೋಡುವ ಪೊಲೀಸಿನವರು ನನ್ನ ಒಡೆದ ತುಟಿ, ಅವಳ ಮೊಣಕೈಯ ಪಟ್ಟಿ ಎರಡನ್ನೂ ನೋಡಿ ತಲೆಗೆ ಕೈ ಹಚ್ಚಿದರು.

"ಮತ್ತೆ ಹೊಡೆದಾಡ್ಕೊಂಡ್ ಬಂದ್ರಾ? ಕೇಸಾ, ಎದುರು ಕೇಸಾ?"

"ಇಲ್ಲ ಸ್ವಾಮಿ, ತೆಗೆಯೋಕೆ ಬಂದಿವಿ," ಎಂದಳು ವಾರಗಿತ್ತಿ.

ಅವರು ಹಳೆಯ ಕಡತ ತರಿಸಿ ಓದಿದರು. ಮೊಮ್ಮಗಳ ಫೋನಿನಲ್ಲಿದ್ದ ಹೆಬ್ಬೆಟ್ಟಿನ ಕಾಗದ ನೋಡಿದರು. ವಾರಗಿತ್ತಿಯನ್ನು ಕೇಳಿದರು. ಆ ಹುಡುಗಿ ಅಲ್ಲಿರಲಿಲ್ಲ, ಕುಡುಗೋಲು ಹಿಡಿದಿರಲಿಲ್ಲ, ಸಿಟ್ಟಿನಲ್ಲಿ ಬರೆಸಿದೆ ಎಂದಳು. ನನ್ನನ್ನು ಕೇಳಿದರು. ಅವಳ ಮೊಮ್ಮಗ ಪಾವಗಡದ ಹಾಸ್ಟೆಲ್ಲಿನಲ್ಲಿದ್ದ, ಮಚ್ಚು ಅವನ ಕೈಯಲ್ಲಿರಲಿಲ್ಲ ಎಂದೆ.

"ಸುಳ್ಳು ದೂರು ಕೊಟ್ರೆ ಏನಾಗ್ತದೆ ಗೊತ್ತೈತಾ ಇಬ್ರಿಗೂ?" ಎಂದು ಚೆನ್ನಾಗಿ ಬೈದರು. ತಲೆ ತಗ್ಗಿಸಿಕೊಂಡು ಬೈಸಿಕೊಂಡೆವು. ಬೈದು ಮುಗಿಸಿ ಇನ್ನೊಂದು ಪ್ರಶ್ನೆ ಕೇಳಿದರು. ಅದನ್ನು ನಾನು ಎಣಿಸಿರಲಿಲ್ಲ.

"ಈಯಮ್ಮನ ಕೈ ಮುರಿದದ್ದು ಮೂವರೂ ಸೇರಿ ಅಂತ ಬರೆದೈತೆ. ಮೊಮ್ಮಗಳು ಇರಲಿಲ್ಲ ಅಂತೀರ. ಉಳಿದದ್ದು ಅಜ್ಜಿ, ಅಜ್ಜಿ ಮಗ. ಯಾರು ಮುರಿದೋರು?"

ಮೂರು ವರ್ಷ ನಾನು ಹೇಳಿದ್ದು ಬೇರೆ. ಅವಳೇ ಓಡುವಾಗ ಬದುವಿನಿಂದ ಬಿದ್ದು ಮುರಿದುಕೊಂಡಳು ಎಂದು ಊರಿಗೆಲ್ಲ ಹೇಳಿದ್ದೆ, ಮೊದಲ ಹೇಳಿಕೆಯಲ್ಲೂ ಅದನ್ನೇ ಬರೆಸಿದ್ದೆ. ಈಗಲೂ ಅದನ್ನೇ ಹೇಳಬಹುದಿತ್ತು. ಆದರೆ ಹಾಗೆ ಹೇಳಿದರೆ ಅವಳ ದೂರು ಪೂರ್ತಿ ಸುಳ್ಳಾಗುತ್ತದೆ, ಅವಳು ಸಿಟ್ಟಿಗೆದ್ದು ಹೊರಟರೆ ಹಿಂಬರಹವಿಲ್ಲ, ನಾಳೆ ಐದು ಗಂಟೆಗೆ ಕೆಲಸವಿಲ್ಲ. ಇದು ಒಂದು. ಇನ್ನೊಂದು, ಮೊಮ್ಮಗಳು ಬೆಂಚಿನ ತುದಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. ಆ ಸೊಟ್ಟ ಮೂಳೆಯನ್ನು ಅವಳು ಹಿಡಿದು ನೋಡಿದ್ದಾಳೆ.

"ನಾನೊಬ್ಳೇ ಕಣಪ್ಪ," ಎಂದೆ. "ಗಳದಾಗೆ ವೊಡ್ದೆ. ಬಿದ್ದ ಮ್ಯಾಕೂ ಎಲ್ಡು ಕೊಟ್ಟೆ. ನನ್ ಮಗ ಕೈ ಎತ್ತಲಿಲ್ಲ, ಅವನ ಕಣ್ಣಿಗೆ ರಕ್ತ ಇಳಿದಿತ್ತು."

"ಕೋರ್ಟಿಗೆ ಅಲೀಬೇಕಾಗ್ತದೆ ಅಜ್ಜಿ."

"ಅಲೀತೀನಿ. ನನ್ ಕೇಸು ನಂಗಿರ್ಲಿ. ಕೂಸಿನ ಹೆಸ್ರು ತೆಗೀರಿ."

ವಾರಗಿತ್ತಿ ನನ್ನ ಕಡೆ ತಿರುಗಿದಳು. "ಎಲ್ಡಲ್ಲ ಸ್ವಾಮಿ, ಮೂರು ಕೊಟ್ಲು. ಸರ್ಯಾಗಿ ಬರ್ಕಳಿ" ಎಂದಳು. ಸರಿಯಾಗಿ ಬರೆದುಕೊಂಡರು. ನಾನು ಓದಿ, ಅಕ್ಷರ ಕೂಡಿಸಿ ಕೂಡಿಸಿ ಓದಿ, ಸಹಿ ಹಾಕಿದೆ.

ಇನ್‌ಸ್ಪೆಕ್ಟರ್ ಬಂದು ಎರಡು ಹಿಂಬರಹಕ್ಕೂ ಸಹಿ ಮಾಡುವ ಹೊತ್ತಿಗೆ ಸಂಜೆಯಾಯಿತು. ಠಾಣೆಯ ಮೆಟ್ಟಿಲ ಮೇಲೆ ನಿಂತು ಮೊಮ್ಮಗಳು ತನ್ನ ಹಿಂಬರಹದ ಫೋಟೋ ತೆಗೆದು ಕಳಿಸಿದಳು. ಕೆಂಪು ಹೋಗಿ ಹಳದಿ ಬಂತು. ಶನಿವಾರ ಬೆಳಗ್ಗೆಯೂ ಹಳದಿ. ಹನ್ನೆರಡಕ್ಕೂ ಹಳದಿ. ಮಗ ಹೊಲಕ್ಕೆ ಹೋಗದೆ ತಲೆಯ ಹಳೆಯ ಹೊಲಿಗೆ ಕೆರೆದುಕೊಳ್ಳುತ್ತ ಅಂಗಳದಲ್ಲೇ ಸುತ್ತಿದ. ಮೂರೂಕಾಲು ಗಂಟೆಗೆ ಫೋನು ಟಿಣ್ ಎಂದಿತು.

ಹಸಿರು!

ನಾನು ಕೂಗಿದ ಕೂಗಿಗೆ ನಡುಗೋಡೆಯ ಆ ಕಡೆಯಿಂದ "ಬಂತೇನೆ?" ಎಂದು ಕೇಳಿಸಿತು. "ಬಂತು ಕಣೆ!" ಎಂದೆ. ಮೊಮ್ಮಗಳನ್ನು ಎತ್ತಿಕೊಳ್ಳಲು ಹೋಗಿ ಸೊಂಟ ಹಿಡಿದುಕೊಂಡಿತು, ಬಿಡಲಿಲ್ಲ, ಹಾಗೇ ತಬ್ಬಿಕೊಂಡು ನಿಂತೆ. ಬೆಲ್ಲ ಹುಡುಕಿದೆ, ಸಿಗಲಿಲ್ಲ, ಅಡುಗೆಮನೆಯಲ್ಲಿದ್ದ ಸಕ್ಕರೆಯನ್ನೇ ಹಿಡಿಹಿಡಿಯಾಗಿ ಎಲ್ಲರ ಬಾಯಿಗೂ ತುಂಬಿದೆ.

ಸೇರುವ ಮುಂಚೆ ಫೋನಿನಲ್ಲೇ ಮೂರು ಪಾಠ ನೋಡಿ ಪ್ರಶ್ನೆಗೆ ಉತ್ತರ ಕೊಡಬೇಕಿತ್ತು. ಭಾನುವಾರ ಪಕ್ಕದಲ್ಲಿ ಕೂತು ನಾನೂ ನೋಡಿದೆ. ಕೈ ತೊಳೆಯುವುದು ಒಂದು, ಬೆಂಕಿ ಬಿದ್ದರೆ ಏನು ಮಾಡಬೇಕು ಎಂಬುದು ಒಂದು. ಮೂರನೆಯದು, ರೋಗಿಯ ಕಡೆಯವರು ಸಿಬ್ಬಂದಿಯ ಮೇಲೆ ಕೈ ಮಾಡಿದರೆ. ಪರದೆಯ ಮೇಲೆ ಒಬ್ಬ ಗೊಂಬೆ ಮನುಷ್ಯ ಗ್ಲೂಕೋಸ್ ಸ್ಟ್ಯಾಂಡು ಎತ್ತಿದ. ನಾನು ನೆಲ ನೋಡಿದೆ. ಆ ಹುಬ್ಬಿನ ಕಥೆಯನ್ನು ಅವಳಿಗೆ ಆಗ ಹೇಳಿದೆ, ಬಿಡದೆ, ರಕ್ತ ಸಮೇತ.

ಅವಳು ಪಾಠವನ್ನು ಅಲ್ಲೇ ನಿಲ್ಲಿಸಿದಳು. ಆಮೇಲೆ ಪ್ರಶ್ನೆಯನ್ನು ನನಗೇ ಓದಿದಳು. "ಎರಡು ಕಡೆಯವರೂ ಜಗಳವಾಡಿ ಗಾಯಗೊಂಡು ಬಂದಿದ್ದಾರೆ. ಮೊದಲು ಏನು ಮಾಡುತ್ತೀರಿ? ನೀನೇ ಯೋಳಜ್ಜಿ."

"ಎಲ್ಡು ಕಡೆಯೋರ್ನೂ ಬೇರೆ ಬೇರೆ ಕೋಣೆಗೆ ಆಕು. ಎತ್ತಕ್ಕೆ ಬರೋ ಸಾಮಾನೆಲ್ಲ ದೂರ ಇಡು. ನಿನ್ ಬೆನ್ನಿಂದೆ ಬಾಗ್ಲು ಇರ್ಬೇಕು, ಎದುರುಗೆ ಅಲ್ಲ. ಅವ್ರ ನಡುವೆ ಮಾತ್ರ ನಿಂತ್ಕಬೇ‌ಡ ಕೂಸೇ."

ಅವಳು ಒತ್ತಿದಳು. ಸರಿ ಉತ್ತರ ಎಂದು ಬಂತು.

ಸೋಮವಾರ ಅವಳ ಜೊತೆ ಸಿರಾಕ್ಕೆ ನಾನೂ ಹೋದೆ. ವಾರ್ಡಿನ ಬಾಗಿಲ ಮುಂದೆ ಅವಳು ಮುಖ ತೋರಿಸಿದಳು; ಬಾಗಿಲು ತಾನೇ ಸರಿದು, ಅವಳನ್ನು ಒಳಗೆ ಕರೆದುಕೊಂಡು ಮುಚ್ಚಿತು. ನಾನು ಹೊರಗಿನ ಕುರ್ಚಿಯಲ್ಲಿ ಕೂತೆ. ಗಂಟೆ ಕಳೆದಿರಲಿಲ್ಲ, ಹೆದ್ದಾರಿಯಲ್ಲಿ ಲಾರಿ ಗುದ್ದಿದ ಬೈಕಿನವನನ್ನು ತಂದರು. ಕಾಲು ಎಲ್ಲಿ ಮಡಚಬಾರದೋ ಅಲ್ಲಿ ಮಡಚಿತ್ತು. ನೆಲದ ಮೇಲೆ ರಕ್ತದ ಗೆರೆ. ಅವನ ಅಣ್ಣ, ಪಾವಗಡದ ಕಡೆಯ ತೆಲುಗು ಮಾತಿನವನು, "ಮಾ ತಮ್ಮುಡು, ಮಾ ತಮ್ಮುಡು" ಎಂದು ಎದೆ ಬಡಿದುಕೊಳ್ಳುತ್ತಿದ್ದ. ಬಾಗಿಲು ಅವನ ಮುಖಕ್ಕೆ ತೆರೆಯಲಿಲ್ಲ. ಒದ್ದ. ಗುದ್ದಿದ. ಕೊನೆಗೆ ಕಬ್ಬಿಣದ ಕುರ್ಚಿಯೊಂದನ್ನು ತಲೆಯ ಮೇಲೆ ಎತ್ತಿದ. ಅದೇ ಹೊತ್ತಿಗೆ ಬಾಗಿಲು ಸರಿಯಿತು. ಹೊರಗೆ ಬಂದವಳು ನನ್ನ ಮೊಮ್ಮಗಳು.

ನಾನು ಎದ್ದದ್ದು ನನಗೇ ಗೊತ್ತಿಲ್ಲ. ಅವನ ಎತ್ತಿದ ತೋಳಿಗೆ ಎರಡು ಕೈಯಿಂದಲೂ ಜೋತುಬಿದ್ದೆ. ಕುರ್ಚಿಯ ಕಾಲು ನನ್ನ ಹಣೆಗೆ ಬಡಿಯಿತು, ರಕ್ತ ಬಿಸಿಯಾಗಿ ಇಳಿಯಿತು.

"ಲೇ, ಇಳಿಸ್ಲಾ!" ಎಂದೆ. "ಇವತ್ತು ನೀನು ವೊಡುದ್ರೆ ನಾಳೆ ನಿನ್ ಮಕ್ಳ ಫೋನ್ನಾಗೆ ಕೆಂಪು ಬತ್ತದೆ ಕಣ್ಲಾ! ಇಳಿಸು!"

ಅವನಿಗೆ ಏನು ಅರ್ಥವಾಯಿತೋ, ಮುದುಕಿ ತೋಳಿಗೆ ಜೋತುಬಿದ್ದದ್ದಕ್ಕೆ ನಾಚಿಕೆಯಾಯಿತೋ, ಕುರ್ಚಿ ಇಳಿಸಿ ಅದರ ಮೇಲೇ ಕುಸಿದು ಕೂತು ಅತ್ತ. ಮೊಮ್ಮಗಳು ಬಾಗಿಲನ್ನು ಬೆನ್ನಿಗೆ ಇಟ್ಟುಕೊಂಡೇ ನಿಂತಿದ್ದಳು. "ನಿಮ್ಮ ತಮ್ಮನಿಗೆ ಉಸಿರು ಸರಿಯಾಗಿದೆ. ರಕ್ತ ನಿಲ್ಲಿಸ್ತಿದ್ದಾರೆ. ಅವರ ರಕ್ತದ ಗುಂಪು ಗೊತ್ತಾ?" ಎಂದು ಅವನನ್ನು ಕೇಳಿದಳು. ಕೇಳಿ ಬರೆದುಕೊಂಡು, ಒಳಗಿದ್ದ ಇನ್ನೊಬ್ಬ ನರ್ಸಿನ ಕೈಗೆ ಚೀಟಿ ಕೊಟ್ಟಳು.

ಆಮೇಲೆ ನನ್ನ ಹತ್ತಿರ ಬಂದಳು. ಕೈಗವಸು ಬದಲಾಯಿಸಿದಳು, ಹಣೆ ಒರೆಸಿದಳು. ಮೂರು ಹೊಲಿಗೆ ಬಿದ್ದವು. ಡಾಕ್ಟರು ಸೂಜಿ ಚುಚ್ಚುವಾಗ ಅವಳು ಸಾಮಾನು ಜೋಡಿಸಿಕೊಟ್ಟಳು.

"ಅಜ್ಜಿ, ಸ್ವಲ್ಪ ಆ ಕಡೆ ತಿರುಗು, ಬೆಳಕಿಗೆ ಅಡ್ಡ ಆಗ್ತೀಯ," ಎಂದಳು.

ತಿರುಗಿದೆ. ನೋವಾಯಿತೇ ಎಂದು ಡಾಕ್ಟರು ಕೇಳಿದರು. ಈ ಹುಡುಗಿ ನನ್ನ ಮೊಮ್ಮಗಳು ಎಂದೆ.